ಕೇಸ್ ಶೀಟ್ ಯಾರದು, ಗುಟ್ಟು ಯಾರದು?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಹೆಸರು, ಊರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ಬರೆದ ಪತ್ರದ ಸಾರಾಂಶ: 'ನಮ್ಮ ತಾಯಿಗೆ 62 ವರ್ಷ. ಖಾಸಗಿ ಆಸ್ಪತ್ರೆಯೊಂದರಲ್ಲಿ ಗರ್ಭಕೋಶದ ಶಸ್ತ್ರಚಿಕಿತ್ಸೆಯಾದ ಮೇಲೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಬೆಂಗಳೂರಿನ ಕಿದ್ವಾಯಿಯಲ್ಲಿ ತೋರಿಸಿದಾಗ ಆಪರೇಷನ್ ನೋಟ್ಸ್, ಬಯಾಪ್ಸಿ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಂಡು) ತನ್ನಿ ಎಂದರು. ಮೊದಲಿನ ಆಸ್ಪತ್ರೆಯವರು, ಕೇಸ್ ಶೀಟ್ ಆಸ್ಪತ್ರೆಯ ಸ್ವತ್ತು, ಗೌಪ್ಯ ದಾಖಲೆ, ಕೋರ್ಟ್ ಆದೇಶ ತನ್ನಿ ಎಂದು ವಾಪಸ್ ಕಳಿಸಿದರು. ಅದೇ ಆಸ್ಪತ್ರೆಯ ಸಿಬ್ಬಂದಿಯ ಬಾಯಿಂದ ಕಾಯಿಲೆಯ ಸುದ್ದಿ ನಮ್ಮ ಬೀಗರ ಮನೆ ಮುಟ್ಟಿದೆ. ತಾಯಿಗೆ ನಾವು ಗಡ್ಡೆ ತೆಗೆದಿದ್ದಾರೆ ಎಂದಷ್ಟೇ ಹೇಳಿದ್ದೇವೆ. ದಾಖಲೆ ಕೇಳುವ ಹಕ್ಕು ನನಗಿಲ್ಲವೇ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದೇ?'

ಮಾನ್ಯರೇ,

ಆಸ್ಪತ್ರೆಯವರು ನಿಮಗೆ ಹೇಳಿದ ಮಾತಿನಲ್ಲಿ ಕಾಲುಭಾಗ ನಿಜವಿದೆ. ಕೇಸ್ ಶೀಟಿನ ಮೂಲಪ್ರತಿ ಆಸ್ಪತ್ರೆಯ ವಶದಲ್ಲೇ ಇರಬೇಕಾದದ್ದು. ಅದನ್ನು ನಿಮ್ಮ ಕೈಗೆ ಕೊಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆದರೆ ಅದರ ನಕಲು ಪಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ರೂಪಿಸಿದ ವೃತ್ತಿ ನಡವಳಿಕೆಯ ನಿಯಮಾವಳಿಯು, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು, ರೋಗಿಯಾಗಲಿ ಆತನು ಅಥವಾ ಆಕೆಯು ಅಧಿಕಾರ ಕೊಟ್ಟವರಾಗಲಿ ಕೇಳಿದರೆ ಸ್ವೀಕೃತಿ ನೀಡಿ 72 ಗಂಟೆಗಳೊಳಗೆ ಕೊಡಬೇಕು ಎನ್ನುತ್ತದೆ. ಕೊಡಲು ನಿರಾಕರಿಸುವುದನ್ನು ಅದೇ ನಿಯಮಾವಳಿ ವೃತ್ತಿ ದುರ್ನಡತೆಗಳ ಪಟ್ಟಿಯಲ್ಲಿ ಸೇರಿಸಿದೆ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿಯೊಂದು ಪ್ರಕಟವಾಯಿತಾದರೂ, ವೈದ್ಯರ ವಿರೋಧದಿಂದಾಗಿ ಅದೇ ತಿಂಗಳಲ್ಲಿ ತಡೆಹಿಡಿಯಲ್ಪಟ್ಟು ಹಳೆಯದೇ ಮತ್ತೆ ಜಾರಿಗೆ ಬಂತು.

ಇಲ್ಲೊಂದು ತೊಡಕಿದೆ. ಈ ನಿಯಮಾವಳಿ ಕಟ್ಟಿಹಾಕುವುದು ನೋಂದಾಯಿತ ವೈದ್ಯರನ್ನೇ ಹೊರತು ಆಸ್ಪತ್ರೆಯ ಮಾಲೀಕರನ್ನಲ್ಲ. ಕೌಂಟರಿನಲ್ಲಿ ಕುಳಿತ ಗುಮಾಸ್ತರು 'ಮ್ಯಾನೇಜ್‌ಮೆಂಟ್ ಒಪ್ಪುವುದಿಲ್ಲ' ಎಂದು ಕೈಚೆಲ್ಲುವುದು ಇದರಿಂದಲೇ. ಆದಕಾರಣ ಅರ್ಜಿಯನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಹೆಸರಿಗೂ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೂ ಒಟ್ಟಿಗೆ ಬರೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ, ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. 'ಎಲ್ಲ ದಾಖಲೆ' ಎಂದು ಬರೆದರೆ ಡಿಸ್ಚಾರ್ಜ್ ಸಮ್ಮರಿಯ ಎರಡು ಪುಟ ಕೊಟ್ಟು ಮುಗಿಸುವವರಿದ್ದಾರೆ. ಕೇಸ್ ಶೀಟ್, ಒಪ್ಪಿಗೆ ಪತ್ರ, ಆಪರೇಷನ್ ನೋಟ್ಸ್, ಅರಿವಳಿಕೆ ದಾಖಲೆ, ನರ್ಸ್‌ಗಳ ಚಾರ್ಟ್, ಲ್ಯಾಬ್ ವರದಿಗಳು, ಸ್ಲೈಡ್ ಮತ್ತು ಬ್ಲಾಕ್ ಎಂದು ಬಿಡಿಬಿಡಿಯಾಗಿ ನಮೂದಿಸಿ. ತಾಯಿಯವರಿಗೆ ಆರೋಗ್ಯ ವಿಮೆ ಇದ್ದರೆ ಇನ್ನೊಂದು ವಿಚಿತ್ರ ನಿಮ್ಮ ಗಮನಕ್ಕೆ ಬಂದಿರಬಹುದು: ರೋಗಿಗೆ 'ಗೌಪ್ಯ'ವಾದ ಇದೇ ಕಾಗದಗಳನ್ನು ವಿಮಾ ಕಂಪನಿ ಕೇಳಿದ ಕೂಡಲೇ ಆಸ್ಪತ್ರೆಗಳು ಸ್ಕ್ಯಾನ್ ಮಾಡಿ ಕಳಿಸುತ್ತವೆ.

ಮಾಹಿತಿ ಹಕ್ಕು ಕಾಯ್ದೆ ನೇರವಾಗಿ ಅನ್ವಯಿಸುವುದು ಸಾರ್ವಜನಿಕ ಪ್ರಾಧಿಕಾರಗಳಿಗೆ. ಸರ್ಕಾರಿ ಆಸ್ಪತ್ರೆಯಾಗಿದ್ದರೆ 30 ದಿನಗಳಲ್ಲಿ, ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳಲ್ಲಿ ಉತ್ತರ ಸಿಗಬೇಕಿತ್ತು. ನಿಮ್ಮ ಸಂದರ್ಭದಲ್ಲಿ ಅದು ಸುತ್ತು ದಾರಿ.

ಇನ್ನು ಹಕ್ಕು ನಿಮಗಿದೆಯೇ ಎಂಬ ಪ್ರಶ್ನೆ. ನಿಮಗೆ ಹಿತವೆನಿಸದಿದ್ದರೂ ಹೇಳಬೇಕು: ಆ ಹಕ್ಕು ನಿಮ್ಮ ತಾಯಿಯವರದು. ಅವರು ಪ್ರಜ್ಞೆಯಲ್ಲಿದ್ದಾರೆ, ತಿಳಿವಳಿಕೆಯಿಂದಿದ್ದಾರೆ. ಮಗನೆಂಬ ಒಂದೇ ಕಾರಣಕ್ಕೆ ನೀವು 'ಅಧಿಕಾರ ಪಡೆದವರು' ಆಗುವುದಿಲ್ಲ. ಅವರು ಸಹಿ ಮಾಡಿದ ಪತ್ರ ಬೇಕು. ಏನಾಗಿದೆಯೆಂದೇ ತಿಳಿಸದೆ ಆ ಪತ್ರಕ್ಕೆ ಅವರ ಸಹಿ ಹೇಗೆ ಕೇಳುತ್ತೀರಿ? ನಮ್ಮ ಮನೆಗಳಲ್ಲಿ ವೈದ್ಯರು ಗಂಡನನ್ನೋ ಮಗನನ್ನೋ ಪಕ್ಕಕ್ಕೆ ಕರೆದು ಹೇಳುವುದು, ಮಂಚದ ಮೇಲಿರುವ ಹೆಂಗಸಿನ ಎದುರು ಎಲ್ಲರೂ ನಗುಮುಖ ಹಾಕಿಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. 2002ರ ನಿಯಮಾವಳಿಯೂ ಈ ವಾಡಿಕೆಗೆ ಸ್ವಲ್ಪ ಜಾಗ ಕೊಟ್ಟಿದೆ. ರೋಗದ ಗಂಭೀರತೆಯನ್ನು ವೈದ್ಯರು ಹೆಚ್ಚಿಸಿಯೂ ಹೇಳಬಾರದು, ತಗ್ಗಿಸಿಯೂ ಹೇಳಬಾರದು ಎನ್ನುವ ಅದು, ರೋಗಿಗೆ ಇಲ್ಲವೆ ಬಂಧುಗಳಿಗೆ ಇಲ್ಲವೆ ಜವಾಬ್ದಾರಿಯುತ ಸ್ನೇಹಿತರಿಗೆ, ರೋಗಿಯ ಮತ್ತು ಕುಟುಂಬದ ಹಿತಕ್ಕೆ ತಕ್ಕಷ್ಟು ತಿಳಿದಿದ್ದರೆ ಸಾಕು ಎನ್ನುತ್ತದೆ. ಈ ಸಡಿಲಿಕೆ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಕೊಟ್ಟ ತೀರ್ಪೊಂದನ್ನು ನಿಮ್ಮ ಮುಂದಿಡುತ್ತೇನೆ. ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಲ್ಯಾಪರೋಸ್ಕೋಪಿ ತಪಾಸಣೆಗೆ ಒಪ್ಪಿ ಅರಿವಳಿಕೆಯಲ್ಲಿದ್ದರು. ಒಳಗೆ ಕಂಡದ್ದನ್ನು ನೋಡಿ ವೈದ್ಯರು ಹೊರಗೆ ಕಾಯುತ್ತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು, ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆದುಬಿಟ್ಟರು. ವಯಸ್ಕಳೂ ಸಮರ್ಥಳೂ ಆದ ರೋಗಿಯ ಪರವಾಗಿ, ಜೀವಕ್ಕೆ ತತ್‌ಕ್ಷಣದ ಅಪಾಯವಿಲ್ಲದಾಗ, ಹೆತ್ತ ತಾಯಿಯ ಒಪ್ಪಿಗೆಯೂ ಒಪ್ಪಿಗೆಯಲ್ಲ ಎಂದಿತು ನ್ಯಾಯಾಲಯ. ವೈದ್ಯರಿಗೆ ಆ ಶಸ್ತ್ರಚಿಕಿತ್ಸೆಯ ಶುಲ್ಕವನ್ನು ನಿರಾಕರಿಸಿದ್ದಲ್ಲದೆ 25,000 ರೂಪಾಯಿ ಪರಿಹಾರವನ್ನೂ ವಿಧಿಸಿತು. ಮೊತ್ತ ಚಿಕ್ಕದು. ಆದರೆ ತಾಯಿಗಿಲ್ಲದ ಅಧಿಕಾರ ಮಗನಿಗೆ ಎಲ್ಲಿಂದ ಬರಬೇಕು? ನಾಳೆ ಕಿದ್ವಾಯಿಯಲ್ಲಿ ಕೀಮೋಥೆರಪಿಯೋ ರೇಡಿಯೇಷನ್ನೋ ನಿರ್ಧಾರವಾದರೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಾದವರೂ ನಿಮ್ಮ ತಾಯಿಯವರೇ. ಹೇಗೆ, ಎಷ್ಟು ಹೇಳಬೇಕೆಂಬುದನ್ನು ಅಲ್ಲಿನ ವೈದ್ಯರೊಂದಿಗೆ ಕೂತು ಯೋಚಿಸಿ; ಎಷ್ಟು ತಿಳಿಯಲು ಇಷ್ಟವೆಂದು ತಾಯಿಯವರನ್ನೇ ಕೇಳಿ. 'ನನಗೆ ಬೇಡಪ್ಪ, ನೀನೇ ನೋಡಿಕೋ' ಎಂದು ಅವರು ಹೇಳಿದರೆ, ಅದು ಅವರು ತೆಗೆದುಕೊಂಡ ತೀರ್ಮಾನ. ಆಗ ನಿಮ್ಮ ಕೈಯಲ್ಲಿರುವ ಅಧಿಕಾರ ಪತ್ರಕ್ಕೂ ಅರ್ಥ ಬರುತ್ತದೆ.

ಬೀಗರ ಮನೆಗೆ ಸುದ್ದಿ ಹೋದದ್ದು ನಿಜಕ್ಕೂ ಗಂಭೀರ ತಪ್ಪು. ವೈದ್ಯರು ವೃತ್ತಿಯಲ್ಲಿ ತಿಳಿದ ರೋಗಿಯ ಗುಟ್ಟನ್ನು ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ ಎಂಬ ಮೂರು ಸಂದರ್ಭಗಳ ಹೊರತು ಬಹಿರಂಗಪಡಿಸುವಂತಿಲ್ಲ. ಕ್ಯಾನ್ಸರ್ ಯಾರಿಗೂ ಅಂಟುವ ಕಾಯಿಲೆಯಲ್ಲ. ಬೀಗರಿಗೆ ಅದರಿಂದ ಯಾವ ಅಪಾಯವೂ ಇಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆ ಈ ಕರ್ತವ್ಯಕ್ಕೆ ಇನ್ನಷ್ಟು ಬಲ ಬಂದಿದೆ. ಗೌಪ್ಯತೆ ಇರುವುದು ರೋಗಿಯ ರಕ್ಷಣೆಗೆ. ಅದನ್ನು ರೋಗಿಯ ವಿರುದ್ಧವೇ ಬೀಗದಂತೆ ಬಳಸಿ, ಹಿಂಬಾಗಿಲಿನಿಂದ ಊರಿಗೆಲ್ಲ ಸುದ್ದಿ ಬಿಟ್ಟ ಆ ಆಸ್ಪತ್ರೆ ಎರಡೂ ಕಡೆ ತಪ್ಪಿದೆ.

ಅರ್ಜಿ ಕೊಟ್ಟು 72 ಗಂಟೆ ಕಳೆದರೂ ಉತ್ತರ ಬಾರದಿದ್ದರೆ, ವೈದ್ಯರ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಆಸ್ಪತ್ರೆಯ ಬಗ್ಗೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. 2017ರಲ್ಲಿ ಖಾಸಗಿ ವೈದ್ಯರು ಯಾವುದರ ವಿರುದ್ಧ ರಾಜ್ಯವ್ಯಾಪಿ ಮುಷ್ಕರ ಹೂಡಿದ್ದರೋ, ಆ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಕಾಯ್ದೆಯಿಂದಲೇ ಅದಕ್ಕೆ ದೂರು ಕೇಳುವ ಅಧಿಕಾರ ಬಂದದ್ದು. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಕಾಲಾವಕಾಶವಿದೆ, ದಾಖಲೆ ಕೊಡದ ಆಸ್ಪತ್ರೆಯ ಬಗ್ಗೆ ಆಯೋಗಗಳು ಪ್ರತಿಕೂಲ ಊಹೆ ಮಾಡಿದ (ತಪ್ಪಿರುವುದರಿಂದಲೇ ಮುಚ್ಚಿಟ್ಟಿದ್ದಾರೆಂದು ಭಾವಿಸಿದ) ನಿದರ್ಶನಗಳೂ ಇವೆ. ಆದರೆ ಇವೆಲ್ಲ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಕಿದ್ವಾಯಿಯವರು ಕೇಳಿರುವ ಸ್ಲೈಡ್, ಬ್ಲಾಕ್ ಮತ್ತು ಆಪರೇಷನ್ ನೋಟ್ಸ್‌ಗಾಗಿ ತಾಯಿಯವರ ಸಹಿಯುಳ್ಳ ಅರ್ಜಿಯನ್ನು ಈ ವಾರವೇ ಕೊಡಿ. ದೂರನ್ನು ಆಮೇಲೂ ಕೊಡಬಹುದು.

– ಸಂಪಾದಕ