ಪೆಟ್ಟಿಗೆ ಆಮೇಲೆ, ಎರೆಹುಳು ಮೊದಲು

ಪತ್ರ: ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಪ್ರಾಣಿಗಳು ಮತ್ತು ಅವುಗಳ ಆವಾಸದ ಬಗ್ಗೆ ಪ್ರಾಜೆಕ್ಟ್ ಕೊಟ್ಟರೆ ಬರುವುದೆಲ್ಲ ಅಪ್ಪ-ಅಮ್ಮ ಮಾಡಿದ ಥರ್ಮಾಕೋಲ್ ಕಾಡು. ಮಕ್ಕಳೇ ಕೈಯಾರೆ ಮಾಡಿ ಕಲಿಯುವಂಥದ್ದು ಏನಾದರೂ ಇದೆಯೇ? – ಒಬ್ಬ ಶಿಕ್ಷಕಿ

ಸಂಪಾದಕರ ಉತ್ತರ: ಮೇಡಂ, ನಿಮ್ಮ ಬೇಸರ ನಿಜವಾದದ್ದು. ಆ ಮಾದರಿಗಳು ನೋಡಲು ಚೆಂದ. ಆದರೆ ಎಷ್ಟೋ ಪೆಟ್ಟಿಗೆಗಳಲ್ಲಿ ಪೆಂಗ್ವಿನ್ ಪಕ್ಕದಲ್ಲೇ ಹಿಮಕರಡಿ ನಿಂತಿರುತ್ತದೆ. ಹಿಮಕರಡಿ ಇರುವುದು ಉತ್ತರ ಧ್ರುವದ ಸುತ್ತ. ಅಲ್ಲಿ ಪೆಂಗ್ವಿನ್‌ಗಳೇ ಇಲ್ಲ. ಸುಮ್ನೆ ಗೊಂಬೆ ಅಂಟಿಸುತ್ತಾ ಹೋದರೆ ಯಾವ ಪ್ರಾಣಿ ಎಲ್ಲಿ, ಯಾಕೆ ಅಲ್ಲೇ ಅನ್ನುವ ಪ್ರಶ್ನೆ ಏಳುವುದಿಲ್ಲ, ಅಲ್ವಾ? ಪಾಠ ಇರುವುದೇ ಆ ಪ್ರಶ್ನೆಯಲ್ಲಿ. ಅದಕ್ಕೆ ಜೀವ ಇರುವ ಪ್ರಾಣಿಯಿಂದ ಶುರು ಮಾಡಿ. ನನ್ನ ಆಯ್ಕೆ ಎರೆಹುಳು.

ಅಗಲ ಬಾಯಿಯ ಪಾರದರ್ಶಕ ಜಾಡಿ ತೆಗೆದುಕೊಳ್ಳಿ. ಒಂದು ಪದರ ಮಣ್ಣು, ಒಂದು ಪದರ ಮರಳು, ಹೀಗೆ ತುಂಬಿಸಿ. ಮಣ್ಣು ಹಸಿಯಾಗಿರಲಿ, ನೀರು ನಿಲ್ಲಬಾರದು. ಮೇಲೆ ಒಣಗಿದ ಎಲೆ ಹಾಕಿ, ನಾಲ್ಕೈದು ಹುಳು ಬಿಡಿ. ಗಾಳಿಯಾಡುವ ಬಟ್ಟೆ ಕಟ್ಟಿ, ಸುತ್ತ ಕಪ್ಪು ಕಾಗದ ಸುತ್ತಿ ನೆರಳಲ್ಲಿಡಿ. ಒಂದೆರಡು ವಾರ ಬಿಟ್ಟು ಕಾಗದ ಬಿಚ್ಚಿದರೆ ಗಾಜಿನ ಅಂಚಿನಲ್ಲಿ ಸುರಂಗಗಳು ಕಾಣುತ್ತವೆ. ನೇರವಾಗಿದ್ದ ಮರಳಿನ ಗೆರೆ ಕದಡಿರುತ್ತದೆ. ಒಂದೆರಡು ಎಲೆ ಮಣ್ಣಿನೊಳಗೆ ಎಳೆದುಕೊಂಡು ಹೋಗಿರಲೂಬಹುದು. ಹುಳು ಮಣ್ಣಲ್ಲಿ ಸುಮ್ಮನೆ ಇರುವುದಿಲ್ಲ, ಮಣ್ಣನ್ನೇ ಬದಲಾಯಿಸುತ್ತದೆ. ಮಕ್ಕಳಿಗೆ ಇದನ್ನು ನೀವು ಹೇಳಬೇಡಿ, ಅವರೇ ನೋಡಲಿ.

ಆಮೇಲೆ ಒಂದು ಟ್ರೇ. ಅರ್ಧಕ್ಕೆ ಒದ್ದೆ ಕಾಗದ, ಅರ್ಧಕ್ಕೆ ಒಣ ಕಾಗದ ಹಾಸಿ, ನಡುವೆ ಹುಳು ಬಿಡಿ. ಎತ್ತ ಹೋಗುತ್ತದೆ ಅಂತ ಮಕ್ಕಳು ಮೊದಲೇ ಊಹಿಸಿ ಬರೆಯಲಿ. ಹುಳು ಉಸಿರಾಡುವುದು ಚರ್ಮದಿಂದ, ಚರ್ಮ ಒಣಗಿದರೆ ಅದು ಬದುಕುವುದಿಲ್ಲ. ಹಾಗಾಗಿ ಜಾಸ್ತಿ ಹೊತ್ತು ಬಿಡಬೇಡಿ, ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಸಿ. ಒಂದು ಹುಳುವನ್ನು ನೋಡಿ ತೀರ್ಮಾನಕ್ಕೆ ಬರುವುದೂ ಬೇಡ. ಬೇರೆ ಹುಳು ಬಿಟ್ಟು ಮತ್ತೆ ಮತ್ತೆ ನೋಡಿ. ಇನ್ನೊಂದು ದಿನ ಪೂರ್ತಿ ಒದ್ದೆ ಕಾಗದ ಹಾಸಿ ಬೆಳಕು-ಕತ್ತಲೆ ಇಟ್ಟು ನೋಡಬಹುದು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ.

ನಿಂಬೆ ಗಿಡ ಇದ್ದರೆ ಎಲೆ ತಿರುವಿ ನೋಡಿಸಿ. ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಕಂಬಳಿಹುಳು ಸಿಗಬಹುದು. ದೊಡ್ಡದಾದಾಗ ಹಸಿರಾಗಿ ಎಲೆಯಲ್ಲೇ ಮರೆಯಾಗುತ್ತದೆ. ಅದನ್ನು ಗಿಡದಲ್ಲೇ ಬಿಟ್ಟು ನೋಡುವುದು ಒಳ್ಳೆಯದು. ಯಾವುದೋ ಎಲೆ ಕೊಟ್ಟರೆ ಅದು ತಿನ್ನುವುದಿಲ್ಲ.

ರಟ್ಟಿನ ಪೆಟ್ಟಿಗೆಯ ಮಾದರಿ ಬೇಡವೇ ಬೇಡ ಅನ್ನುತ್ತಿಲ್ಲ. ಇದೆಲ್ಲ ಆದಮೇಲೆ, ತರಗತಿಯಲ್ಲೇ ಮಾಡಿಸಿ. ಪ್ರತಿ ವಸ್ತುವಿಗೂ ಒಂದು ಚೀಟಿ ಇರಲಿ: ಇದು ಇಲ್ಲಿ ಯಾಕಿದೆ? ಅಂಕ ಚೀಟಿಗೆ ಕೊಡಿ, ಬಣ್ಣಕ್ಕಲ್ಲ. ಕೈ ತೊಳೆಸುವುದನ್ನು ಮಾತ್ರ ಮರೆಯಬೇಡಿ. ಮುಗಿದ ಮೇಲೆ ಹುಳುಗಳನ್ನು ತಂದ ಜಾಗದಲ್ಲೇ, ಹಸಿ ಮಣ್ಣಿಗೆ ಬಿಡಿಸಿ. ಮಕ್ಕಳ ಊಹೆಗಳು ತಪ್ಪಾದ ಪುಟಗಳನ್ನೂ ನಮಗೆ ಕಳಿಸಿ, ಸಂತೋಷದಿಂದ ಅಚ್ಚು ಮಾಡುತ್ತೇವೆ.