ಲೂಪ್ ಹಳಿ ಸೇರಿದರೆ ಶಾರ್ಟ್ ಯಾಕೆ?

ಪ್ರಶ್ನೆ: ಸಕಲೇಶಪುರ ಘಾಟಿಯ ರೈಲು ಮಾರ್ಗದ ಪುಟ್ಟ ಮಾದರಿ ಕಟ್ಟುತ್ತಿದ್ದೇನೆ. ಸುಬ್ರಹ್ಮಣ್ಯದ ಕಡೆ ಹಳಿ ಸುತ್ತು ಹಾಕಿ ಮತ್ತೆ ಅದೇ ಹಳಿಗೆ ಸೇರುತ್ತೆ. ಕೊನೆಯ ತುಂಡು ಜೋಡಿಸಿದ ಕೂಡಲೇ ಪವರ್ ಪ್ಯಾಕ್ (ಹಳಿಗೆ ಕರೆಂಟು ಕೊಡುವ ಪೆಟ್ಟಿಗೆ) ಟ್ರಿಪ್ ಆಗುತ್ತೆ. ಪವರ್ ಪ್ಯಾಕ್ ಕೆಟ್ಟಿದೆಯೇ?
– ಓದುಗರು, ಹಾಸನ

ಉತ್ತರ: ಕೆಟ್ಟಿಲ್ಲ, ದಯವಿಟ್ಟು ಹೊಸದು ಕೊಳ್ಳಬೇಡಿ. ಎಡಗಡೆ ಹಳಿಯ ಮೇಲೆ ಬೆರಳಿಟ್ಟು ಲೂಪ್ ಪೂರ್ತಿ ಸವರಿಕೊಂಡು ಬನ್ನಿ. ಬೆರಳು ಬಂದು ಸೇರುವುದು ಬಲಗಡೆ ಹಳಿಗೆ. ಪ್ಲಸ್ಸು ಮೈನಸ್ಸು ಅಲ್ಲೇ ಕೂಡಿಕೊಂಡಿವೆ.

ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ, ಒಟ್ಟು 4 ಕಡೆ ಕರೆಂಟು ಹರಿಯದ ಪ್ಲಾಸ್ಟಿಕ್ ಜಾಯಿನರ್ (ಹಳಿ ಜೋಡಿಸುವ ತುಂಡು) ಹಾಕಿ. ಈ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದ ಇರಲೇಬೇಕು. ಇಲ್ಲದಿದ್ದರೆ ಎರಡು ತುದಿಯಲ್ಲೂ ಲೋಹದ ಚಕ್ರ ಒಟ್ಟಿಗೆ ಗ್ಯಾಪ್ ದಾಟಿ ಮತ್ತೆ ಶಾರ್ಟ್. ಹೆಚ್ಚಿನವರು ಎಡವುವುದು ಇಲ್ಲೇ.

ಡಿಸಿ (ಹಳಿಯ ಪ್ಲಸ್ಸು ಮೈನಸ್ಸೇ ರೈಲಿನ ದಿಕ್ಕು ತೀರ್ಮಾನಿಸುವ ಪದ್ಧತಿ) ಆದರೆ ಮೇನ್ ಲೈನಿಗೊಂದು, ಲೂಪಿಗೊಂದು 6 ಕಾಲಿನ ಡಿಪಿಡಿಟಿ ಸ್ವಿಚ್ (ಪ್ಲಸ್ಸು ಮೈನಸ್ಸು ಅದಲುಬದಲು ಮಾಡಲು) ಬೇಕು. ಕರೆಂಟು ಮಧ್ಯದ ಕಾಲುಗಳಿಗೆ, ತುದಿಯ ಕಾಲುಗಳ ನಡುವೆ ಅಡ್ಡಡ್ಡ ವೈರು, ಒಂದು ತುದಿಯಿಂದ ಹಳಿಗೆ. ರೈಲು ಪೂರ್ತಿ ಲೂಪಿನೊಳಗೆ ಬಂದಾಗ ಮೇನ್ ಲೈನಿನ ಸ್ವಿಚ್ ತಿರುಗಿಸಿ, ಹೊರಹೋಗುವ ದಾರಿಗೆ ಪಾಯಿಂಟ್ಸ್ (ಹಳಿ ಕವಲು) ಬದಲಿಸಿ. ಲೂಪಿನದು ಮುಟ್ಟಬೇಡಿ, ರೈಲು ನಿಲ್ಲದೆ ಹೊರಬರುತ್ತೆ.

ಡಿಸಿಸಿ (ಹಳಿಯ ಮೂಲಕ ಎಂಜಿನ್ನಿಗೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ಇದ್ದರೆ ಆಟೋ ರಿವರ್ಸರ್ (ಈ ಅದಲುಬದಲನ್ನು ತಾನಾಗಿಯೇ ಮಾಡುವ ಸಾಧನ) ಹಾಕಿಬಿಡಿ. ತ್ರಿಕೋನ ಹಳಿಗೂ ಇದೇ ಮದ್ದು.