ಆಡುವ, ಆಡದ ಹುಡುಗರ ಫಿಟ್‌ನೆಸ್ ಅಳೆಯಲು ಸ್ಟೆಪ್ ಟೆಸ್ಟ್ ಒಳ್ಳೆಯದಾ, ಕೂಪರ್ ಓಟವಾ (12 ನಿಮಿಷದಲ್ಲಿ ಎಷ್ಟು ದೂರ ಓಡುತ್ತಾರೆ ಎಂದು ನೋಡುವ ಪರೀಕ್ಷೆ)?

ಪ್ರಾಜೆಕ್ಟ್ ಮಾಡುವಾಗ ಇದೇ ಪ್ರಶ್ನೆಯನ್ನು ನಾನೂ ಸಿಕ್ಕವರಿಗೆಲ್ಲ ಕೇಳಿದ್ದೆ. ಕೊನೆಗೆ ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್ ಹಿಡಿದೆ. 41.3 ಸೆಂ.ಮೀ. ಎತ್ತರದ ಬೆಂಚು, 3 ನಿಮಿಷ, ಹುಡುಗರಾದರೆ ಮೆಟ್ರೊನೋಮ್ ತಾಳಕ್ಕೆ ನಿಮಿಷಕ್ಕೆ 24 ಸಲ ಹತ್ತಿ ಇಳಿಯಬೇಕು. ನಿಲ್ಲಿಸಿದ ಮೇಲೆ 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ನಾಡಿ ಎಣಿಸಿ, 4ರಿಂದ ಗುಣಿಸಬೇಕು. ಅದನ್ನು 0.42ರಿಂದ ಗುಣಿಸಿ 111.33ರಲ್ಲಿ ಕಳೆದರೆ ವಿಒ2 ಮ್ಯಾಕ್ಸ್‌ನ, ಅಂದರೆ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದರ ಅಂದಾಜು ಸಿಗುತ್ತದೆ.

ನಾನು ಎಡವಿದ್ದು ಆ 5ನೇ ಸೆಕೆಂಡಿನಲ್ಲಿ. ಬೇಗ ಮುಗಿಯಲಿ ಅಂತ ಒಂದೇ ಬೆಂಚಿಗೆ ಇಬ್ಬರನ್ನು ಹತ್ತಿಸಿದೆ, ಒಬ್ಬ ಆಟಗಾರ, ಒಬ್ಬ ಆಡದವನು. ನಾಡಿ ಹಿಡಿಯಲು ಇದ್ದವನು ನಾನೊಬ್ಬನೇ. ಆಡದವನು ಏದುಸಿರು ಬಿಡುತ್ತಿದ್ದ, ಪಾಪ ಅವನನ್ನು ಬೇಗ ಕೂರಿಸೋಣ ಎಂದು ಮೊದಲು ಅವನ ಕೈ ಹಿಡಿಯುತ್ತಿದ್ದೆ. ಆಟಗಾರ ಆರಾಮಾಗಿ ನಿಂತಿದ್ದ, ಕಾಯಲಿ ಎಂದುಕೊಂಡೆ. ಎಲ್ಲ ಜೋಡಿಗೂ ಹೀಗೇ ಮಾಡಿದೆ.

ಆದರೆ ಪಳಗಿದ ಹೃದಯ ನಿಂತ ಕೂಡಲೇ ಬಡಿತ ಇಳಿಸುತ್ತದೆ, ಅಲ್ವಾ? ಅರ್ಧ ನಿಮಿಷ ತಡವಾದರೆ 150 ಇರಬೇಕಾದದ್ದು 132 ಆಗಿಬಿಡಬಹುದು. ಲೆಕ್ಕ ಹಾಕಿ ನೋಡಿ: ವಿಒ2 ಮ್ಯಾಕ್ಸ್ 48.3 ಇದ್ದವನು 55.9ಕ್ಕೆ ಏರುತ್ತಾನೆ. ಎಣಿಸುವಾಗ ಒಂದೇ ಒಂದು ಬಡಿತ ತಪ್ಪಿದರೂ ಗುಣಿಸಿದ ಮೇಲೆ ಅದು 4 ಆಗುತ್ತದೆ, ವಿಒ2 ಮ್ಯಾಕ್ಸ್‌ನ ಅಂದಾಜು 1.7ರಷ್ಟು ಜರುಗುತ್ತದೆ. ನನ್ನ ಎರಡು ಗುಂಪುಗಳ ನಡುವೆ ಭಾರೀ ಅಂತರ ಬಂತು. ಖುಷಿಯೂ ಪಟ್ಟೆ. ಆ ಅಂತರದಲ್ಲಿ ಎಷ್ಟು ಅವರದ್ದು, ಎಷ್ಟು ನಾನು ತಡಮಾಡಿದ್ದರದ್ದು ಎಂದು ಬೇರೆ ಮಾಡಲು ಆಗಲೇ ಇಲ್ಲ.

ಹಾಗಾಗಿ ನೀವು ಯಾವ ಟೆಸ್ಟ್ ಎಂದು ತಲೆ ಕೆಡಿಸಿಕೊಳ್ಳುವುದೇ ಬೇಡ. ಯಾರು ಎಣಿಸುತ್ತಾರೆ, ಯಾವಾಗ ಎಣಿಸುತ್ತಾರೆ ಎಂಬುದನ್ನು ಮೊದಲು ಸರಿಮಾಡಿ. ಕೂಪರ್ ಓಟವನ್ನಂತೂ ಆಡದ ಹುಡುಗರಿಗೆ ಕೊಡಲೇಬೇಡಿ. ಓಡಿ ಅಭ್ಯಾಸವಿಲ್ಲದವನು ಮೊದಲೆರಡು ನಿಮಿಷ ಜೋರಾಗಿ ಓಡಿ, ಉಳಿದ ಹತ್ತು ನಿಮಿಷ ನಡೆಯುತ್ತಾನೆ. ಆಗ ನೀವು ಅಳೆಯುವುದು ಅವನ ಉಸಿರಿನ ಶಕ್ತಿಯನ್ನಲ್ಲ, ವೇಗವನ್ನು ಹಂಚಿಕೊಂಡು ಓಡುವ ಅಭ್ಯಾಸವನ್ನು. ಎದೆನೋವು, ಜ್ವರ ಏನಾದರೂ ಇದೆಯಾ ಎಂದು ಕೇಳದೆ ಯಾರನ್ನೂ ಬೆಂಚು ಹತ್ತಿಸಬೇಡಿ.

ಒಂದು ಬೆಂಚಿಗೆ ಒಬ್ಬನೇ ಇರಲಿ. ಎಣಿಕೆ ಶುರುವಾದ ಸೆಕೆಂಡನ್ನೂ ಪಕ್ಕದಲ್ಲಿ ಬರೆದಿಡಿ. ನಾನು ಬರೆದಿರಲಿಲ್ಲ. ಅಷ್ಟೂ ಹುಡುಗರನ್ನು ಮತ್ತೆ ಕರೆಸಬೇಕಾಯಿತು, ಅರ್ಧದಷ್ಟು ಜನ ಬರಲಿಲ್ಲ.